ದೋಣಿಗೂ ಸುಳಿ ನೋಡಬೇಕು

ಶಿವರಾತ್ರಿಯ ಹೊತ್ತಿಗೆ ತುಮಕೂರಿನ ಸಿದ್ಧಗಂಗೆಯಲ್ಲಿ ದನದ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ಜೋಡಿ ಕೊಳ್ಳಲು ಬಂದ ರೈತ ಬಣ್ಣಕ್ಕೆ ಮರುಳಾಗುವವನಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಹಣೆ ಬೆನ್ನು ಸವರಿ ಸುಳಿ ಎಲ್ಲಿ ಬಿದ್ದಿದೆ ಎಂದು ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ಹೇಗೆ ಊರುತ್ತದೆಂದು ನೋಡುತ್ತಾನೆ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿಯುವ ವ್ಯಾಪಾರ ಇದೆಲ್ಲ ಮುಗಿದ ಮೇಲಿನ ಮಾತು. ಇಷ್ಟು ಜಾಣನಾದ ಮನುಷ್ಯ ಕೆರೆಗೊಂದು ದೋಣಿ ತರಬೇಕಾಗಿ ಬಂದಾಗ ಮಾತ್ರ ಬಣ್ಣದಿಂದಲೇ ಶುರುಮಾಡುತ್ತಾನೆ. ‘ಯಾವುದರಲ್ಲಿ ಮಾಡಿದ್ದು? ಬಿದಿರೋ, ಫೈಬರ್ರೋ, ಅಲ್ಯೂಮಿನಿಯಮ್ಮೋ?’ ಎಂಬುದು ಅವನ ಮೊದಲ ಪ್ರಶ್ನೆ. ಅಂಗಡಿಯವನೂ ಅದಕ್ಕೇ ಕಾದಿರುತ್ತಾನೆ. ಬೆಳ್ಳಗೆ ಹೊಳೆಯುವ ತಗಡಿನ ಮೇಲೆ ಗೆಣ್ಣಿನಿಂದ ಬಡಿದು ‘ನೋಡಿ ಸ್ವಾಮಿ, ಎಷ್ಟು ಗಟ್ಟಿ’ ಎನ್ನುತ್ತಾನೆ. ನನ್ನ ವಾದ ಇಷ್ಟೆ: ಎತ್ತಿಗೆ ಬಣ್ಣ ಹೇಗೋ ದೋಣಿಗೆ ಲೋಹ ಹಾಗೆ. ಅದೂ ಲೆಕ್ಕಕ್ಕೆ ಬರುತ್ತದೆ, ಆದರೆ ಕೊನೆಯಲ್ಲಿ. ಎತ್ತಿನ ಸುಳಿ ಎತ್ತಿನ ಮೈಮೇಲಿರುತ್ತದೆ. ದೋಣಿಯ ಸುಳಿ ಅದು ಇಳಿಯಬೇಕಾದ ನೀರಿನ ಮೇಲಿರುತ್ತದೆ. ನೀರನ್ನು ಮೊದಲು ಓದಿಕೊಂಡು ಹೋದವನಿಗೆ ದೋಣಿಯ ಆಕಾರ ತಾನಾಗಿ ಹೊಳೆಯುತ್ತದೆ, ಆಕಾರ ಹೊಳೆದ ಮೇಲೆ ಲೋಹದ ಮಾತು ಅರ್ಧ ಗಳಿಗೆಯಲ್ಲಿ ತೀರುತ್ತದೆ.

‘ಕೆರೆಯಲ್ಲಿ ಎಂಥಾ ಅಲೆ, ಅದೇನು ಸಮುದ್ರವೇ?’ ಎಂದು ನಗುವವರಿದ್ದಾರೆ. ಅವರ ನಗುವಿಗೂ ಕಾರಣವಿದೆ. ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ರಸ್ತೆಯ ಗೂಳೂರನ್ನೇ ತೆಗೆದುಕೊಳ್ಳಿ. ಹೊರಗಿನವರು ಆ ಊರ ಕೆರೆಯನ್ನು ಕಣ್ತುಂಬ ನೋಡುವುದು ಗಣಪನನ್ನು ಬಿಡುವ ಕಾಲದಲ್ಲಿ. ಕೆರೆಯ ಮಣ್ಣನ್ನೇ ತಂದು ಚೌತಿಯಲ್ಲಿ ಕೈಹಚ್ಚಿ, ಬಲಿಪಾಡ್ಯಮಿಯಂದು ಪ್ರತಿಷ್ಠೆ ಮಾಡಿ, ಕಾರ್ತಿಕವೆಲ್ಲ ಪೂಜಿಸಿ, ಮತ್ತೆ ಅದೇ ಕೆರೆಗೆ ಒಪ್ಪಿಸುವ ಮಹಾಗಣಪತಿ ಅದು. ಆ ಹೊತ್ತಿಗೆ ಮಳೆ ಹಿಂದೆ ಸರಿದು, ಬೆಳಗಿನ ನೀರು ಕನ್ನಡಿಯ ಹಾಗೆ ಬಿದ್ದುಕೊಂಡಿರುತ್ತದೆ. ಅದನ್ನು ನೋಡಿ ದೋಣಿ ಕೊಂಡವನು ಮದುವೆಯ ದಿನದ ನಡವಳಿಕೆ ನೋಡಿ ಬೀಗರನ್ನು ಅಳೆದವನಷ್ಟೇ ಜಾಣ. ಅದೇ ಕೆರೆಯ ಏರಿಯ ಮೇಲೆ ಆಷಾಢದ ಮೂರನೇ ಜಾವದಲ್ಲಿ ನಿಂತರೆ ಕಥೆ ಬೇರೆ. ಪಡುವಣ ಗಾಳಿ ಮರಗಳನ್ನು ಬಾಗಿಸುತ್ತಾ ಬಂದು ನೀರಿನ ಮೇಲೆ ಬಿದ್ದಾಗ ಅಡ್ಡಕ್ಕೆ ಒಂದು ಗಿಡವೂ ಇರುವುದಿಲ್ಲ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಣದಲ್ಲಿ ನಿಂತವನು ಕಟ್ಟಿದ್ದು. ತೆಪ್ಪದಲ್ಲಿ ಕೂತವನು ಕಟ್ಟಿದ್ದರೆ ಅದು ಗಾಳಿ ಬರುವ ಮೊದಲೇ ದಡ ಸೇರಿಕೋ ಎಂದಿರುತ್ತಿತ್ತು.

ಅಲೆಯ ಎತ್ತರವನ್ನು ನಿರ್ಧರಿಸುವುದು ಮೂರೇ ಸಂಗತಿ: ಗಾಳಿಯ ವೇಗ, ಅದು ಬೀಸಿದ ಹೊತ್ತು, ತಡೆಯಿಲ್ಲದೆ ನೀರಿನ ಮೇಲೆ ಅದು ಓಡಿದ ದೂರ. ಮೊದಲೆರಡು ದೇವರ ಕೈಯಲ್ಲಿವೆ. ಮೂರನೆಯದು ಹಗ್ಗ ಹಿಡಿದು ಅಳೆಯಬಹುದಾದದ್ದು. ಎಂಜಿನಿಯರುಗಳು ಅಣೆಕಟ್ಟೆಯ ಎತ್ತರ ನಿಶ್ಚಯಿಸಲು ಬಳಸುವ ಲೆಕ್ಕದಂತೆ, ಗಂಟೆಗೆ 36 ಕಿ.ಮೀ. ವೇಗದ ಗಾಳಿ 2 ಕಿ.ಮೀ. ನೀರಿನ ಮೇಲೆ ಓಡಿದರೆ ಸುಮಾರು ಕಾಲು ಮೀಟರ್ ಎತ್ತರದ ಅಲೆ ಏಳುತ್ತದೆ. ಒಂದು ಅಲೆಯ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ನಾಲ್ಕೂವರೆ ಮೀಟರಿನಷ್ಟು ಅಂತರ. ಅದೇ ಗಾಳಿ 4 ಕಿ.ಮೀ. ಓಡಿದರೆ ಅಂತರ 7 ಮೀಟರಿಗೆ ಏರುತ್ತದೆ. 10 ಕಿ.ಮೀ. ಓಡಿದರೆ ಎತ್ತರ ಅರ್ಧ ಮೀಟರ್ ದಾಟುತ್ತದೆ, ಅಂತರ 13 ಮೀಟರ್ ಆಗುತ್ತದೆ. ಇವು ಸರಾಸರಿಯ ಮೇಲಿನ ಅಲೆಗಳ ಅಳತೆ. ನಡುನಡುವೆ ಇದರ ಒಂದೂವರೆ ಪಟ್ಟು ಎತ್ತರದ್ದೂ ಬರುತ್ತದೆ. ಕಾಲು ಮೀಟರ್ ಎಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಇದಕ್ಕೆ ಹೆದರಬೇಕೇ ಎಂದು ಕೇಳಬಹುದು. ಹೆದರಬೇಕಾದದ್ದು ಎತ್ತರಕ್ಕಲ್ಲ, ಅದರ ಅವಸರಕ್ಕೆ. ಕಡಲ ದೊಡ್ಡ ಅಲೆ ದೋಣಿಯನ್ನು ನಿಧಾನವಾಗಿ ಎತ್ತಿ ನಿಧಾನವಾಗಿ ಇಳಿಸುತ್ತದೆ. ಕೆರೆಯ ಅಲೆ ಎರಡು ಸೆಕೆಂಡಿಗೊಮ್ಮೆ ಬಂದು ಗುದ್ದುತ್ತದೆ. ಒಂದು ಗುದ್ದಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. ಆಳ ಕಡಿಮೆಯಿರುವ ಕೆರೆಯಂಗಳದ ಕಡೆ ಅಲೆಗೆ ನೆಲ ತಗಲಿ ಅದು ಇನ್ನೂ ಕಡಿದಾಗುತ್ತದೆ. ಏರಿಯ ಕಡೆ ಕಲ್ಲುಕಟ್ಟಣೆಗೆ ಬಡಿದು ಹಿಂದಿರುಗುವ ಅಲೆ ಬರುವ ಅಲೆಯೊಡನೆ ಜಗಳಕ್ಕಿಳಿದು ನೀರು ಕುದಿಯುವ ಹಂಡೆಯಂತಾಗುತ್ತದೆ.

ಇದರ ಮೇಲೆ ನಮ್ಮ ಸೀಮೆಯ ನೀರಿಗೆ ಇನ್ನೊಂದು ಗುಣವಿದೆ. ಅದು ವರ್ಷದಿಂದ ವರ್ಷಕ್ಕೆ ತನ್ನ ಅಳತೆಯನ್ನೇ ಬದಲಾಯಿಸುತ್ತದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಷ್ಟರಲ್ಲಿ ಮೂರು ತಲೆಮಾರಿನ ಮೀನುಗಾರರು ಅದನ್ನು ತುಂಬಿದ ನೀರಾಗಿ ನೋಡದೆಯೇ ಕಳೆದರು. 2022ರ ಮಳೆಗೆ ತುಮಕೂರು ಜಿಲ್ಲೆಯಲ್ಲೂ ಒಂದಾದ ಮೇಲೊಂದು ಕೆರೆ ಕೋಡಿ ಬಿತ್ತು. ಹಾಗೆ ತುಂಬಿದಾಗ ಹಿಂದಿನ ವರ್ಷ ದನ ಮೇಯುತ್ತಿದ್ದ ಅಂಗಳ ನೀರಾಗುತ್ತದೆ, ಗಾಳಿಯ ಓಟ ಒಂದು ಕಿ.ಮೀ. ಇದ್ದದ್ದು ಎರಡಾಗುತ್ತದೆ, ಕರಿಜಾಲಿಯ ಮರಗಳು ಕುತ್ತಿಗೆ ಮಟ್ಟ ಮುಳುಗಿ ಮುಳ್ಳಿನ ಬೇಲಿಯಾಗಿ ನೀರೊಳಗೇ ನಿಲ್ಲುತ್ತವೆ. ಆದ್ದರಿಂದ ದೋಣಿ ಕೊಳ್ಳುವವನು ಈ ವರ್ಷದ ಕೆರೆಯನ್ನು ನೋಡಿದರೆ ಸಾಲದು. ಏರಿಯ ಕಲ್ಲುಗಳ ಮೇಲೆ ನೀರಿನ ಗೆರೆ ಎಲ್ಲಿಯವರೆಗೆ ಹತ್ತಿದೆ, ಕೋಡಿಯ ಮಟ್ಟ ಯಾವುದು, ಪಡುವಣ ದಡದಿಂದ ಮೂಡಣ ದಡಕ್ಕೆ ತುಂಬಿದ ಕಾಲದಲ್ಲಿ ಎಷ್ಟು ದೂರ ಎಂದು ನೋಡಬೇಕು. ಇದು ಹಲ್ಲೆಣಿಸುವ ಕೆಲಸ.

ಈಗ ಆಕಾರದ ಮಾತು. ಅಲೆಯ ಉದ್ದ ನಾಲ್ಕೂವರೆ ಮೀಟರ್ ಎಂದಮೇಲೆ ನಾಲ್ಕು ನಾಲ್ಕೂವರೆ ಮೀಟರ್ ಉದ್ದದ ದೋಣಿ ಆ ನೀರಿಗೆ ಅತ್ಯಂತ ಕೆಟ್ಟ ದೋಣಿ. ಅದರ ಮುಂದಿನ ಅರ್ಧ ಅಲೆಯ ಹಳ್ಳದಲ್ಲಿ ಇಳಿಯುವ ಹೊತ್ತಿಗೆ ಹಿಂದಿನ ಅರ್ಧ ನೆತ್ತಿಯ ಮೇಲೆ ಕೂತಿರುತ್ತದೆ. ಏತದ ಮರದ ಹಾಗೆ ಮೇಲೆ ಕೆಳಗೆ ಆಡುತ್ತಾ ಒಂದೊಂದು ಆಟಕ್ಕೂ ಒಂದು ಬೊಗಸೆ ನೀರು ಒಳಕ್ಕೆ ಮೊಗೆಯುತ್ತದೆ. ದುರದೃಷ್ಟಕ್ಕೆ, ಅಂಗಡಿಯಲ್ಲಿ ಮೀನುಗಾರಿಕೆಗೆಂದು ಸಿಗುವ ಸಣ್ಣ ಅಲ್ಯೂಮಿನಿಯಂ ದೋಣಿಗಳ ಉದ್ದ 12 ಅಡಿಯಿಂದ 14 ಅಡಿ, ಅಂದರೆ ಹೆಚ್ಚುಕಡಿಮೆ ಇದೇ ಅಳತೆ. ಅಲೆಗಿಂತ ಬಹಳ ಉದ್ದವಾದ ದೋಣಿ ಎರಡು ಮೂರು ನೆತ್ತಿಗಳ ಮೇಲೆ ಸೇತುವೆಯಂತೆ ಮಲಗುತ್ತದೆ. ಅಲೆಗಿಂತ ಬಹಳ ಚಿಕ್ಕದು ಎಲೆಯಂತೆ ಅಲೆಯೊಡನೆ ಏರಿ ಇಳಿಯುತ್ತದೆ. ನಡುವಿನದಕ್ಕೆ ಎರಡೂ ಸುಖವಿಲ್ಲ. ಈ ಲೆಕ್ಕವನ್ನು ಯಾರೂ ಬರೆದಿಡದೆ ನಮ್ಮ ಕಡೆಯ ಜನ ಕೈಯಿಂದಲೇ ಬಿಡಿಸಿದ್ದರು. ಅದರ ಉತ್ತರದ ಹೆಸರು ತೆಪ್ಪ. ಪುಸ್ತಕದ ಕನ್ನಡ ಅದನ್ನು ಹರಿಗೋಲು ಎನ್ನುತ್ತದೆ.

ತೆಪ್ಪದ ಅಡ್ಡಳತೆ ಆರೇಳು ಅಡಿ. ನಾಲ್ಕೂವರೆ ಮೀಟರ್ ಅಲೆಯ ಅರ್ಧಕ್ಕೂ ಕಡಿಮೆ. ಹೆಣೆದ ಬಿದಿರಿನ ಮೈ ನೀರಿನ ಗುದ್ದಿಗೆ ತುಸು ಬಳುಕುತ್ತದೆ, ಬಳುಕಿದ್ದರಿಂದಲೇ ಒಡೆಯುವುದಿಲ್ಲ. ಅಡಿ ಚಪ್ಪಟೆಯಾಗಿ ಮೊಣಕಾಲುದ್ದ ನೀರಿದ್ದರೂ ತೇಲುತ್ತದೆ, ಹೂಳಿನ ಮೇಲೂ ಜಾರುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಬುಟ್ಟಿಯಂತೆ ದುಂಡಗಿನ, ಒಳಗೆ ಹೆಣಿಗೆ ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ಕಂಡು, ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ ಎಂದು ಬರೆದಿಟ್ಟ. ಜೊತೆಗೆ, ಅವು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಎಂದೂ ಸೇರಿಸಿದ. ಕಡಲ ದೇಶದವನಿಗೆ ತೆಪ್ಪದ ಗುಣ ದೋಷ ಎರಡೂ ಒಂದೇ ನೋಟಕ್ಕೆ ಕಂಡಿದ್ದವು. ಚರ್ಮ ಹೋಗಿ ಟಾರು ಬಳಿದ ಹೊದಿಕೆ ಬಂತು, ಅದು ಹೋಗಿ ಪ್ಲಾಸ್ಟಿಕ್ ಬಂತು, ಈಗ ಮೀನುಗಾರಿಕೆ ಇಲಾಖೆ ಒಳನಾಡಿನ ಮೀನುಗಾರರಿಗೆ ಫೈಬರ್ ಹರಿಗೋಲನ್ನೇ ಕೊಡುತ್ತಿದೆ. ಐನೂರು ವರ್ಷದಲ್ಲಿ ಬಟ್ಟೆ ಮೂರು ಸಲ ಬದಲಾಗಿದೆ, ಮೈ ಮಾತ್ರ ಹಾಗೇ ಇದೆ. ಆಕಾರ ಮೊದಲು, ಲೋಹ ಆಮೇಲೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಾಗಾದರೆ ತೆಪ್ಪವೇ ಸಾಕು, ಅಲ್ಯೂಮಿನಿಯಮ್ಮಿನ ಮಾತೇಕೆ ಎಂದು ಕೇಳಬಹುದು. ಹಳೆಯದನ್ನು ಹೊಗಳುವ ಹುಮ್ಮಸ್ಸಿನಲ್ಲಿ ಅದರ ಸಂಕಟ ಮರೆಯಬಾರದು. ತೆಪ್ಪಕ್ಕೆ ಮೂತಿಯಿಲ್ಲ. ಮೂತಿಯಿದ್ದ ದೋಣಿ ಅಲೆಯನ್ನು ಎದುರಿಗೆ ತೆಗೆದುಕೊಳ್ಳದೆ ಸ್ವಲ್ಪ ಓರೆಯಾಗಿ ಸೀಳುತ್ತದೆ. ಓರೆಯಾದಷ್ಟೂ ಅಲೆಗಳ ನಡುವಿನ ಅಂತರ ಅದರ ಪಾಲಿಗೆ ಉದ್ದವಾಗುತ್ತದೆ, ಗುದ್ದು ಮೆತ್ತಗಾಗುತ್ತದೆ. ದುಂಡನೆಯ ವಸ್ತುವಿಗೆ ಓರೆ ಎಂಬುದೇ ಇಲ್ಲ. ಎದುರುಗಾಳಿ ಎದ್ದರೆ ಒಂದೇ ಹುಟ್ಟಿನಿಂದ ತೆಪ್ಪವನ್ನು ಗಾಳಿಯ ಕಡೆಗೆ ತಳ್ಳುವುದು ರಾಗಿ ಬೀಸುವ ಕಲ್ಲನ್ನು ಗುಡ್ಡ ಹತ್ತಿಸಿದಂತೆ. ಒಂದು ಕಿ.ಮೀ. ಅಗಲದ ಕೆರೆಯಲ್ಲಿ ಇದರಿಂದ ಪ್ರಾಣಕ್ಕೆ ಭಯವಿಲ್ಲ. ಗಾಳಿ ತಳ್ಳಿದ ದಡಕ್ಕೆ ಹೋಗಿ ಇಳಿದು, ತೆಪ್ಪವನ್ನು ತಲೆಯ ಮೇಲೆ ಕವುಚಿಕೊಂಡು ಏರಿಯ ಮೇಲೆ ನಡೆದು ಬಂದರಾಯಿತು. ದೊಡ್ಡ ನೀರಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವನ್ನೇ ನೋಡಿ. ಅದರ ವಿಶೇಷ, ತಾನಾಗಿ ಕೆಲಸ ಮಾಡುವ ಸೈಫನ್ ಕೋಡಿ. ನೀರು ಒಂದು ಮಟ್ಟ ಮುಟ್ಟಿದೊಡನೆ ಯಾರೂ ಗೇಟು ಎತ್ತದಿದ್ದರೂ ಸೈಫನ್ ನೀರೆಳೆಯತೊಡಗುತ್ತದೆ. ಎಂಜಿನಿಯರಿಂಗಿಗೆ ಅದು ಸೊಗಸು. ತುಂಬಿದ ಕಾಲದಲ್ಲಿ ಅದರ ಹತ್ತಿರ ತೇಲುತ್ತಿರುವವನಿಗೆ ಯಮನ ಬಾಗಿಲು. ಅಂಥ ನೀರಿನಲ್ಲಿ ತನ್ನ ಇಚ್ಛೆಯ ದಿಕ್ಕಿಗೆ, ಗಾಳಿಗೆ ಎದುರಾಗಿ, ಬೇಗ ಹೋಗಬಲ್ಲ ದೋಣಿ ಬೇಕು. ಮೂತಿ ಬೇಕು, ಎಂಜಿನ್ ಬೇಕು, ಎಂಜಿನ್ ತೂಗುಹಾಕಲು ಗಟ್ಟಿಯಾದ ಹಿಂಬದಿ ಬೇಕು. ಅಲೆಯ ಉದ್ದವೂ ಅಲ್ಲಿ ಹೆಚ್ಚುವುದರಿಂದ 14–16 ಅಡಿಯ ದೋಣಿ ಒಂದು ಅಲೆಯೊಳಗೇ ಹಿಡಿಸುತ್ತದೆ. ಸಣ್ಣ ಕೆರೆಯಲ್ಲಿ ಕೆಟ್ಟದಾಗಿದ್ದ ಅಳತೆ ದೊಡ್ಡ ನೀರಿನಲ್ಲಿ ಒಳ್ಳೆಯದಾಗುತ್ತದೆ.

ಇಲ್ಲಿಗೆ ಲೋಹಕ್ಕೆ ಮಾತಾಡುವ ಸರದಿ ಬಂತು. ಅಲ್ಯೂಮಿನಿಯಂ ಎಂದರೆ ನಮಗೆ ಮೊದಲು ನೆನಪಾಗುವುದು ಮದುವೆ ಮನೆಯ ಅನ್ನದ ಪಾತ್ರೆ, ಜೊತೆಗೆ ಹುಣಸೆಹುಳಿ ಹಾಕಿಟ್ಟರೆ ಅದು ಕಪ್ಪಿಡುತ್ತದೆಂಬ ಅಜ್ಜಿಯ ಎಚ್ಚರಿಕೆ. ಆ ಎಚ್ಚರಿಕೆಯಲ್ಲಿ ದೋಣಿಯ ಶಾಸ್ತ್ರವೂ ಇದೆ. ಗಾಳಿ ಸೋಕಿದೊಡನೆ ಈ ಲೋಹದ ಮೈಮೇಲೆ ತೆಳುವಾದ ಪೊರೆ ಕಟ್ಟುತ್ತದೆ, ಆ ಪೊರೆಯೇ ಅದಕ್ಕೆ ಕವಚ. ತೀರ ಹುಳಿಯೂ ತೀರ ಸುಣ್ಣವೂ ಅದನ್ನು ತಿನ್ನುತ್ತವೆ. ಕೆರೆಯ ಸಿಹಿನೀರು ತಿನ್ನುವುದಿಲ್ಲ. ಪಕ್ಕದಲ್ಲಿ ತಾಮ್ರವನ್ನೋ ಬರಿಯ ಕಬ್ಬಿಣದ ಬೋಲ್ಟನ್ನೋ ಬಿಗಿದು ನೀರಲ್ಲಿ ಬಿಟ್ಟರೆ ಮಾತ್ರ ಸುತ್ತಲಿನ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ತೂಕ ನೋಡಿದರೆ ಕಬ್ಬಿಣದ ಮೂರನೇ ಒಂದು ಪಾಲು: ನೀರಿಗಿಂತ 2.7 ಪಟ್ಟು ಭಾರ, ಉಕ್ಕಾದರೆ 7.8 ಪಟ್ಟು. ಈ ಹಗುರವನ್ನು ಕಂಡೇ ವಿಮಾನ ಕಟ್ಟುವವರು ಅದನ್ನು ಹಿಡಿದುಕೊಂಡರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಗ್ರುಮ್ಮನ್ ಎಂಬ ಯುದ್ಧವಿಮಾನದ ಕಂಪನಿ ಅದೇ ತಗಡು, ಅದೇ ರಿವೆಟ್ಟಿನ ಕಸುಬಿನಿಂದ ಸಣ್ಣ ದೋಣಿಗಳನ್ನು ಮಾಡಿ ಮಾರಿತು. ಆ ದೇಶದ ಸರೋವರಗಳಲ್ಲಿ ಅಲ್ಯೂಮಿನಿಯಂ ದೋಣಿ ಮನೆಮಾತಾದದ್ದು ಹೀಗೆ. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲೂ 2023ರ ಫೆಬ್ರುವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಹಾರುವ ಯಂತ್ರ ಕಟ್ಟುವ ಕೈಗಳು ಜಿಲ್ಲೆಗೆ ಬಂದಿವೆ, ತೇಲುವುದನ್ನು ಕಟ್ಟುವ ಕೈಗಳೂ ಒಂದು ದಿನ ಸಿಕ್ಕಾವು ಎಂದು ಆಸೆಪಡಲು ಅಡ್ಡಿಯಿಲ್ಲ. ಕೊಳ್ಳುವಾಗ ಮಾತ್ರ ‘ಅಲ್ಯೂಮಿನಿಯಂ’ ಎಂಬ ಒಂದೇ ಹೆಸರಿಗೆ ತೃಪ್ತರಾಗಬಾರದು. ನೀರಿಗೆಂದೇ ಇರುವ 5052, 5083ರಂಥ ಮಿಶ್ರಲೋಹವೇ ಎಂದು ಕೇಳಬೇಕು. ಹಂದರಕ್ಕೆ ರಿವೆಟ್ ಹೊಡೆದದ್ದೋ ವೆಲ್ಡ್ ಮಾಡಿದ್ದೋ ನೋಡಬೇಕು. ರಿವೆಟ್ಟಿನದು ಹಗುರ, ಬೆಲೆ ಕಡಿಮೆ. ಆದರೆ ಎರಡು ಸೆಕೆಂಡಿಗೊಂದು ಗುದ್ದು ತಿನ್ನುವ ನೀರಿನಲ್ಲಿ ವರ್ಷಗಳು ಕಳೆದಂತೆ ರಿವೆಟ್ಟುಗಳು ಸಡಿಲಗೊಂಡು ಜಿನುಗುತ್ತವೆ. ಒರಟು ನೀರಿಗೆ ದಪ್ಪ ತಗಡಿನ, ಒಳ್ಳೆಯ ವೆಲ್ಡಿಂಗಿನ ದೋಣಿಯೇ ವಾಸಿ.

ಅದಕ್ಕಿಂತ ದೊಡ್ಡ ಪ್ರಶ್ನೆ ಅಡಿಯದು. ಚಪ್ಪಟೆ ಅಡಿಯ ದೋಣಿ ನಿಂತ ನೀರಿನಲ್ಲಿ ಮಣೆಯ ಹಾಗೆ ಸ್ಥಿರ; ಓಡುವಾಗ ಪ್ರತಿ ಅಲೆಯ ಮೇಲೂ ಕಪಾಳಕ್ಕೆ ಹೊಡೆದಂತೆ ಬಡಿಯುತ್ತದೆ. ವಿ ಆಕಾರದ ಅಡಿ ಅಲೆಯನ್ನು ಸೀಳುತ್ತದೆ. ನಿಂತಾಗ ಆ ಕಡೆ ಈ ಕಡೆ ತೂಗುತ್ತದೆ, ಹೆಚ್ಚು ಆಳ ಕೇಳುತ್ತದೆ, ಹೆಚ್ಚು ಶಕ್ತಿಯ ಎಂಜಿನ್ ಕೇಳುತ್ತದೆ. ಕೆರೆಯ ಮೀನುಗಾರ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಬಲೆ ಎಳೆಯುವಾಗ ಅವನು ಎದ್ದುನಿಂತು ಒಂದೇ ಬದಿಗೆ ಬಾಗುತ್ತಾನೆ. ಬಲೆಯಲ್ಲಿ ಕಾಟ್ಲಾ, ರೋಹು ತುಂಬಿದ್ದರೆ ಆ ಬದಿಗೆ ಇನ್ನೂ ಭಾರ. ಆದ್ದರಿಂದ ಮುಂದೆ ವಿ ಆಕಾರವಾಗಿ ಹಿಂದೆ ಹೋಗುತ್ತ ಚಪ್ಪಟೆಯಾಗುವ, ನೆಲದ ಮಟ್ಟದಲ್ಲೇ ನಾಲ್ಕು ಅಡಿಗೆ ಕಡಿಮೆಯಿಲ್ಲದ ಅಗಲದ ದೋಣಿ ನಮ್ಮ ದೊಡ್ಡ ನೀರುಗಳಿಗೆ ಹೊಂದುತ್ತದೆ. ಅಂಚು ಎತ್ತರವಿರಬೇಕು, ಏಕೆಂದರೆ ಒಳಗೆ ಬಂದ ನೀರು ಬರಿಯ ನೀರಲ್ಲ. ನಾಲ್ಕು ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲದ ದೋಣಿಯೊಳಗೆ ಒಂದಂಗುಲ ನೀರು ನಿಂತರೆ ಅದರ ತೂಕ ಸುಮಾರು 125 ಕಿಲೋ, ಇಬ್ಬರು ಆಳಿನ ತೂಕ. ಆ ಇಬ್ಬರೂ ದೋಣಿ ಯಾವ ಕಡೆ ವಾಲಿತೋ ಆ ಕಡೆಗೇ ಓಡುವ ತಿಳಿಗೇಡಿಗಳು. ಭಾರ ಮೇಲಕ್ಕೇರಿದರೆ ಏನಾಗುತ್ತದೆಂಬುದಕ್ಕೆ ಭೋಪಾಲದ ಖಟ್ಲಾಪುರ ಘಾಟ್ ಸಾಕ್ಷಿ. 2019ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಎರಡು ದೋಣಿಗಳನ್ನು ಜೋಡಿಸಿ ಅದರ ಮೇಲೆ ಗಣೇಶನನ್ನು ಒಯ್ದವರಲ್ಲಿ 11 ಮಂದಿ ದಡದ ಹತ್ತಿರವೇ ಮುಳುಗಿ ತೀರಿಕೊಂಡರು. ಅಲ್ಲಿ ಬಿರುಗಾಳಿಯಿರಲಿಲ್ಲ. ಎತ್ತರದ ಮೂರ್ತಿ, ಒಂದು ಕಡೆಗೆ ಸರಿದ ಜನ, ಅಷ್ಟೇ. ಆಳೆತ್ತರವನ್ನೂ ಮೀರಿದ ಮಣ್ಣಿನ ಗಣಪನನ್ನು ಕೆರೆಗೆ ಬಿಡುವ ಗೂಳೂರಿನಂಥ ಊರುಗಳು ಈ ಒಂದು ಪಾಠವನ್ನು ಬಾಯಿಪಾಠ ಮಾಡಿಕೊಂಡಿರಬೇಕು.

ಅಲ್ಯೂಮಿನಿಯಮ್ಮಿನ ನಿಜವಾದ ದೋಷವನ್ನು ಅಂಗಡಿಯವನು ಹೇಳುವುದಿಲ್ಲ: ಅದು ಮುಳುಗುತ್ತದೆ. ಬಿದಿರು ನೀರು ತುಂಬಿದರೂ ತೇಲುತ್ತದೆ. ಮಗುಚಿದ ಬಿದಿರ ತೆಪ್ಪವನ್ನು ತಬ್ಬಿಕೊಂಡು ಜೀವ ಉಳಿಸಿಕೊಳ್ಳಬಹುದು. ಲೋಹದ ದೋಣಿ ತುಂಬಿತೆಂದರೆ ಬಾವಿಗೆ ಬಿದ್ದ ಕೊಡ. ಆಸನಗಳ ಕೆಳಗೆ, ಪಕ್ಕದ ಗೋಡೆಗಳೊಳಗೆ ಹಗುರವಾದ ಫೋಮ್ ತುಂಬಿ, ನೀರು ಅಂಚಿನ ಮಟ್ಟಕ್ಕೆ ಬಂದರೂ ತೇಲುವಂತೆ ಮಾಡಿರಬೇಕು. ಇದಿಲ್ಲದ ಲೋಹದ ದೋಣಿ ಎಷ್ಟೇ ದಪ್ಪವಿರಲಿ, ಎಷ್ಟೇ ಹೊಳೆಯಲಿ, ಬಿಟ್ಟುಬರುವುದು ಒಳ್ಳೆಯದು. ಉಳಿದ ಆಕ್ಷೇಪಗಳು ಇಷ್ಟು ಗಂಭೀರವಲ್ಲ. ಲೋಹ ಸಿಡಿಲನ್ನು ಕರೆಯುತ್ತದೆ ಎನ್ನುವವರಿದ್ದಾರೆ. ಸಿಡಿಲು ಹುಡುಕುವುದು ಎತ್ತರವನ್ನು, ಬಟ್ಟಬಯಲಿನಂಥ ನೀರಿನ ಮೇಲೆ ಬಿದಿರ ತೆಪ್ಪದಲ್ಲಿ ನಿಂತವನೂ ಎತ್ತರವೇ. ಬಿಸಿಲಿಗೆ ಕಾಯುತ್ತದೆ ಎಂಬುದು ನಿಜ, ಗೋಣಿತಾಟು ಹಾಸಿದರೆ ಮುಗಿಯಿತು. ಸದ್ದಿಗೆ ಮೀನು ಓಡುತ್ತದೆ ಎಂಬುದಕ್ಕೂ ಅದೇ ಗೋಣಿತಾಟು ಮದ್ದು. ಪ್ರವಾಹದಲ್ಲಿ ಜನರನ್ನು ಎತ್ತಲು ಬರುವ ರಬ್ಬರ್ ದೋಣಿಯೇ ಸಾಕಲ್ಲವೇ ಎಂದರೆ, ಆ ದೋಣಿ ಕರಿಜಾಲಿಯ ಮುಳ್ಳನ್ನು ಇನ್ನೂ ಪರಿಚಯ ಮಾಡಿಕೊಂಡಿಲ್ಲ. ಫೈಬರ್ ಗಟ್ಟಿ, ಬೆಲೆಯೂ ಹಿತ, ಪೆಟ್ಟು ಬಿದ್ದರೆ ಮಾತ್ರ ಸೀಳುತ್ತದೆ. ಅಲ್ಯೂಮಿನಿಯಂ ಪೆಟ್ಟಿಗೆ ತಗ್ಗುತ್ತದೆ, ತಗ್ಗನ್ನು ಒಳಗಿನಿಂದ ಬಡಿದು ಸರಿಮಾಡಬಹುದು. ದೋಣಿ ಹೆಚ್ಚಾಗಿ ಪೆಟ್ಟು ತಿನ್ನುವುದು ದಡದಲ್ಲಿ, ಏರಿಯ ಕಲ್ಲುಗಳ ಮೇಲೆ, ಎಂಬುದನ್ನು ನೆನೆದರೆ ಇದು ಸಣ್ಣ ಗುಣವೇನಲ್ಲ.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಭಾರ: ದುಡ್ಡು. ಕೆರೆಯ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಐದು ವರ್ಷದ ಗುತ್ತಿಗೆ. ಅದರಲ್ಲಿ ಎಷ್ಟು ವರ್ಷ ಕೆರೆ ತುಂಬುತ್ತದೆಂದು ಬರೆದುಕೊಡುವ ಮೋಡ ಇನ್ನೂ ಹುಟ್ಟಿಲ್ಲ. ಇಪ್ಪತ್ತು ವರ್ಷ ಬಾಳುವ ದೋಣಿಗೆ ಐದು ವರ್ಷದ ಗುತ್ತಿಗೆದಾರ ಏಕೆ ಸಾಲ ಮಾಡಬೇಕು? ನಮ್ಮ ಕೆರೆಯ ದೋಣಿಗೆ ಅಲೆಗಿಂತ ದೊಡ್ಡ ಪರೀಕ್ಷೆ ಬರ. ಎರಡು ವರ್ಷ ಮಳೆ ಕೈಕೊಟ್ಟರೆ ದೋಣಿ ಹುಣಸೆಮರದ ಕೆಳಗೆ ಕವುಚಿಕೊಂಡು ಬಿದ್ದಿರಬೇಕಾಗುತ್ತದೆ. ಬಿದಿರು ಆ ಅವಧಿಯಲ್ಲಿ ಗೆದ್ದಲಿಗೆ ಊಟವಾಗುತ್ತದೆ. ಅಲ್ಯೂಮಿನಿಯಮ್ಮಿಗೆ ಗೆದ್ದಲಿನ ಭಯವಿಲ್ಲ, ಗುಜರಿಯವನ ಭಯವಿದೆ. ಕಿಲೋ ಲೆಕ್ಕದಲ್ಲಿ ಹೋಗುವ ಲೋಹವನ್ನು ಏರಿಯ ಮೇಲೆ ಒಂಟಿಯಾಗಿ ಮಲಗಿಸುವುದು ಜಾಣತನವಲ್ಲ. ಇದಕ್ಕೆಲ್ಲ ನನಗೆ ಕಾಣುವ ಉತ್ತರ ಒಂದೇ. ಲೋಹದ ದೋಣಿಯನ್ನು ಒಬ್ಬೊಬ್ಬ ಮೀನುಗಾರನ ಹೆಗಲಿಗೆ ಹೊರಿಸಬಾರದು. ಸಹಕಾರ ಸಂಘವೋ ಪಂಚಾಯಿತಿಯೋ ಒಂದು ದೊಡ್ಡ ನೀರಿಗೆ ಒಂದೆರಡು ಇಟ್ಟುಕೊಳ್ಳಲಿ. ಗಾಳಿಯ ತಿಂಗಳಲ್ಲಿ ಬಲೆ ಬಿಡಿಸಲು, ಬೀಜದ ಮೀನು ಬಿಡಲು, ಗಣಪನ ಕಾಲದಲ್ಲಿ ಕಾವಲಿಗೆ, ಆಪತ್ತಿನಲ್ಲಿ ಜನರನ್ನು ಎತ್ತಲು ಅದೇ ಆಗಲಿ. ದಿನದ ಕಸುಬಿಗೆ ತೆಪ್ಪವಿದೆ. ಹೂಡುವ ಎತ್ತು ಮನೆಗೊಂದು ಜೋಡಿ, ತೇರೆಳೆಯುವ ಹಗ್ಗ ಊರಿಗೊಂದು.

ಹಾಗಾಗಿ ಗೂಳೂರಿನ ಅಳತೆಯ ಕೆರೆಗೆ ದೋಣಿ ಕೇಳಿದರೆ ನಾನು ತೋರಿಸುವುದು ಫೈಬರ್ ಹೊದ್ದ ದುಂಡು ತೆಪ್ಪವನ್ನು, ಜೊತೆಗೆ ಒಬ್ಬೊಬ್ಬರಿಗೆ ಒಂದು ಲೈಫ್ ಜಾಕೆಟ್ಟನ್ನು. ಗುಬ್ಬಿ ಸೀಮೆಯ ಕಡಬದ ಕೆರೆಗೋ ಕುಣಿಗಲ್ಲಿನ ದೊಡ್ಡ ಕೆರೆಗೋ ಮೊದಲು ಗಾಳಿಯ ಓಟವನ್ನು ಅಳೆದು ಬನ್ನಿ ಎನ್ನುತ್ತೇನೆ; ಎರಡು ಕಿ.ಮೀ. ಒಳಗಿದ್ದರೆ ತೆಪ್ಪ, ನಾಲ್ಕರ ಹತ್ತಿರ ಬಂದರೆ ಲೋಹ. ಮಾರ್ಕೋನಹಳ್ಳಿಯಂಥ ಜಲಾಶಯಕ್ಕೆ ಅಗಲವಾದ, ಅಂಚು ಎತ್ತರದ, ಮೂತಿ ಚೂಪಾದ, ಫೋಮ್ ತುಂಬಿದ ವೆಲ್ಡಿಂಗಿನ ಅಲ್ಯೂಮಿನಿಯಂ ದೋಣಿ, ಒಂದು ಎಂಜಿನ್, ಎಂಜಿನ್ ಕೆಟ್ಟರೆ ಇರಲೆಂದು ಒಂದು ಜೊತೆ ಹುಟ್ಟು. ಅಂಗಡಿಯಲ್ಲಿ ದೋಣಿ ಯಾವಾಗಲೂ ಒಣಗಿ, ನೆಟ್ಟಗೆ, ಖಾಲಿಯಾಗಿ ನಿಂತಿರುತ್ತದೆ. ಅದು ಕಾರ್ತಿಕದ ಬೆಳಗಿನ ದೋಣಿ. ಕೊಳ್ಳುವವನು ಆಷಾಢದ ದೋಣಿಯನ್ನು ನೋಡಲು ಕೇಳಬೇಕು. ಅಂಗಡಿಯವನನ್ನು ಹತ್ತಿರದ ನೀರಿಗೆ ಕರೆದೊಯ್ದು, ದೋಣಿಯೊಳಕ್ಕೆ ಅಂಚಿನವರೆಗೆ ನೀರು ತುಂಬಿಸಿ, ಅಂಚಿನ ಮೇಲೆ ಅವನನ್ನೇ ಕೂರಿಸಬೇಕು. ತುಂಬಿದ ಮೇಲೂ ಅದು ತೇಲುತ್ತಿದ್ದು, ಅವನು ಕೂತೇ ಇದ್ದರೆ, ಟವೆಲ್ ತೆಗೆದು ಬೆರಳು ಹಿಡಿಯಬಹುದು.